ನೆಲವೂ ಡೊಂಕು, ಗಾಡಿಯೂ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಗಾದೆಯ ವ್ಯಂಗ್ಯವೆಲ್ಲ ಕುಣಿಯುವವಳ ಮೇಲೆ. ತುಮಕೂರು ಸೀಮೆಯಲ್ಲಿ ಕಾರು ಓಡಿಸುವವರ ಮಟ್ಟಿಗೆ ಮಾತ್ರ ಈ ಗಾದೆಯನ್ನು ಇದ್ದಂತೆಯೇ ಒಪ್ಪುವುದು ಕಷ್ಟ. ಇಲ್ಲಿ ನೆಲ ನಿಜವಾಗಿಯೂ ಡೊಂಕು. ಹಾಗೆಂದು ಕುಣಿತ ನೆಟ್ಟಗಿದೆ ಎಂದೂ ಹೇಳುವಂತಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರೂ ಊರುಗಳಲ್ಲಿ ಮದುವೆಮನೆಯ ಪಂಕ್ತಿಯಲ್ಲೋ ಬಸ್ ನಿಲ್ದಾಣದ ಕಾಫಿ ಅಂಗಡಿಯಲ್ಲೋ ಹತ್ತು ನಿಮಿಷ ಕುಳಿತರೆ ಸಾಕು, ಮಾತು ಮಳೆಯಿಂದ ಹೊರಟು, ಕೊಬ್ಬರಿ ಧಾರಣೆ, ರಾಜಕೀಯ ಎಲ್ಲವನ್ನೂ ದಾಟಿ ಕೊನೆಗೆ ರಸ್ತೆಗೆ ಬಂದು ನಿಲ್ಲುತ್ತದೆ. ಲೈಟು ಇಳಿಸದ ಲಾರಿಯವನು, ಕೈ ತೋರಿಸದೆ ತಿರುಗಿದ ಟ್ರ್ಯಾಕ್ಟರಿನವನು, ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸಿ ಗಿರಾಕಿ ಕರೆಯುವ ಕಂಡಕ್ಟರು, ರಾತ್ರೋರಾತ್ರಿ ಎದ್ದು ನಿಂತ ಹಂಪು. ಗೊಣಗುವುದಕ್ಕೆ ವಿಷಯದ ಬರವಿಲ್ಲ.

ಈ ಗೊಣಗಾಟಕ್ಕೆ ಒಂದು ವಿಶೇಷ ಗುಣವಿದೆ. ಬೆಳಿಗ್ಗೆ ಸ್ಕೂಟರಿನಲ್ಲಿ ಹಾಲು ತರಲು ಹೊರಟಾಗ ಕಾರಿನವರನ್ನು ಬೈದವನೇ, ಹತ್ತು ಗಂಟೆಗೆ ಕಾರಿನಲ್ಲಿ ಕುಳಿತು ಸ್ಕೂಟರಿನವರನ್ನು ಬೈಯುತ್ತಾನೆ. ಸಂಜೆ ನಡೆದುಕೊಂಡು ಹೋಗುವಾಗ ಇಬ್ಬರನ್ನೂ. ಮನುಷ್ಯ ಅವನೇ, ಕುಳಿತ ಜಾಗ ಮಾತ್ರ ಬೇರೆ. ಆದ್ದರಿಂದ ರಸ್ತೆಯ ಮೇಲಿನ ದೂರುಗಳನ್ನು ಸ್ವಭಾವದ ದೂರುಗಳೆಂದು ತಿಳಿಯದೆ, ರಸ್ತೆ ಯಾರಿಗಾಗಿ ಇದೆ ಎಂಬ ತಕರಾರೆಂದು ನೋಡುವುದು ಒಳ್ಳೆಯದು. ಹಾಗೆ ನೋಡಿದರೆ ಕೆಲವು ದೂರುಗಳ ಸಿಟ್ಟು ಇಳಿಯುತ್ತದೆ. ಇನ್ನು ಕೆಲವು ದೂರುಗಳ ಸಿಟ್ಟು ಏರುತ್ತದೆ.

ಮೊದಲು ರಸ್ತೆಯ ಹೆಸರನ್ನೇ ತೆಗೆದುಕೊಳ್ಳೋಣ. ತುಮಕೂರಿನ ಮುಖ್ಯ ಬೀದಿ ಬಿ.ಎಚ್. ರಸ್ತೆ. ಹೊಸಬರು ಅದನ್ನು ಯಾರೋ ಮಹನೀಯರ ಹೆಸರಿನ ಮೊದಲಕ್ಷರ ಎಂದುಕೊಳ್ಳುತ್ತಾರೆ. ಅದು ಬೆಂಗಳೂರು–ಹೊನ್ನಾವರ ರಸ್ತೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರಗಳನ್ನು ಹಾದು ಘಟ್ಟ ಇಳಿದು ಕಡಲು ಮುಟ್ಟುವ ದಾರಿ. ಶಿವಮೊಗ್ಗದಲ್ಲಿಯೂ ಭದ್ರಾವತಿಯಲ್ಲಿಯೂ ಬಿ.ಎಚ್. ರಸ್ತೆ ಇರುವುದು ಇದೇ ಕಾರಣದಿಂದ. ಅದೆಲ್ಲ ಒಂದೇ ರಸ್ತೆ. ಅಂದರೆ ಇದು ಊರಿನ ಬೀದಿಯಾಗಿ ಹುಟ್ಟಿದ್ದಲ್ಲ, ಊರನ್ನು ಹಾದು ಹೋಗುವ ದಾರಿಯಾಗಿ ಹುಟ್ಟಿದ್ದು. ಮುಂದೆ ಅದರ ಎರಡೂ ಪಕ್ಕದಲ್ಲಿ ಶಾಲೆ, ಕಾಲೇಜು, ಆಸ್ಪತ್ರೆ, ಕಲ್ಯಾಣಮಂಟಪ, ಬೇಕರಿ, ಬಟ್ಟೆ ಅಂಗಡಿ ಎದ್ದವು. ರಾಷ್ಟ್ರೀಯ ಹೆದ್ದಾರಿಯ ದೊಡ್ಡ ಸಂಚಾರ ಈಗ ಊರಾಚೆಗೆ ಸರಿದಿದೆ. ಆದರೂ ಬಟವಾಡಿಯಿಂದ ಟೌನ್‌ಹಾಲ್ ವೃತ್ತದವರೆಗೆ ಸಂಜೆ ಆರು ಗಂಟೆಗೆ ಕಾರು ತಂದವನಿಗೆ, ತಾನು ಬಂದಿರುವುದು ಹೆದ್ದಾರಿಗೋ ಸಂತೆಗೋ ತಿಳಿಯುವುದಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ನಮ್ಮ ಬಿ.ಎಚ್. ರಸ್ತೆಯಲ್ಲಿ ಆ ದೃಶ್ಯಕ್ಕೆ ಟಿಕೆಟ್ಟಿಲ್ಲ. ತರಕಾರಿ ಗಾಡಿ, ಕಾಲೇಜು ಬಸ್ಸು, ಗೂಡ್ಸ್ ಆಟೊ, ಹಸು, ಮೆರವಣಿಗೆಯ ತಮಟೆ ಎಲ್ಲವೂ ಒಂದೇ ಅಂಕದಲ್ಲಿ ಪ್ರವೇಶ ಮಾಡುತ್ತವೆ. 2016ರ ಸೆಪ್ಟೆಂಬರಿನಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ರಸ್ತೆ ಅಗೆಯುವವರೂ ಈ ಪಾತ್ರವರ್ಗಕ್ಕೆ ಬಂದು ಸೇರಿದರು.

ಇನ್ನು ನಂಬರ್ ಪ್ಲೇಟಿನ ಜಾತಿಭೇದ. 1989ರ ಹೊಸ ಪದ್ಧತಿಯಲ್ಲಿ ತುಮಕೂರಿಗೆ ಬಂದ ಸಂಖ್ಯೆ ಕೆಎ 06. ತಿಪಟೂರಿಗೆ 44, ಮಧುಗಿರಿಗೆ 64 ಆಮೇಲೆ ಸೇರಿದವು. ಬೆಂಗಳೂರಿನ ಯಶವಂತಪುರದ ಹತ್ತಿರ 06 ಗಾಡಿಯೊಂದು ಲೇನು ತಪ್ಪಿದರೆ ಹಿಂದಿನವರು ‘ಊರ ಕಡೆಯ ಗಾಡಿ’ ಎಂದು ನಿರ್ಧರಿಸಿಬಿಡುತ್ತಾರೆ. ಶನಿವಾರ ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಂಗಡಿಗಳ ಮುಂದೆ 01, 03, 05ರ ಗಾಡಿಗಳು ರಸ್ತೆಗೆ ಬಾಲ ಬಿಟ್ಟು ನಿಂತಾಗ ತುಮಕೂರಿನವರು ‘ಬೆಂಗಳೂರಿನವರಿಗೆ ಗಾಡಿ ನಿಲ್ಲಿಸುವುದನ್ನು ಯಾರೂ ಕಲಿಸಿಲ್ಲ’ ಎಂದು ತೀರ್ಪು ಕೊಡುತ್ತಾರೆ. ದೇವರಾಯನದುರ್ಗದ ತಿರುವುಗಳಲ್ಲಿ ಈ ತೀರ್ಪಿಗೆ ಇನ್ನಷ್ಟು ಸಾಕ್ಷಿ ಸಿಗುತ್ತದೆ. ತುಮಕೂರಿನವರಿಗೆ ಗುಬ್ಬಿಯ ಗಾಡಿಗಳ ಮೇಲೆ ಅಸಮಾಧಾನ. ಗುಬ್ಬಿಯವರಿಗೆ ಹಳ್ಳಿಯ ಟ್ರ್ಯಾಕ್ಟರುಗಳ ಮೇಲೆ. ದೂರು ನೀರಿನ ಹಾಗೆ, ದೊಡ್ಡ ಊರಿನಿಂದ ಚಿಕ್ಕ ಊರಿನ ಕಡೆಗೆ ಹರಿಯುತ್ತದೆ. ಟ್ರ್ಯಾಕ್ಟರಿನವನಿಗೆ ಮಾತ್ರ ಬೈಯಲು ಯಾರೂ ಉಳಿಯದೆ ಅವನು ರಸ್ತೆಯನ್ನೇ ಬೈಯುತ್ತಾನೆ.

ನಿಜ ಹೇಳಬೇಕೆಂದರೆ ಗಾಡಿ ಯಾವ ಕಡೆಯದು ಎಂದು ತಿಳಿಯಲು ನಂಬರಿಗಿಂತ ಹಿಂದಿನ ಗಾಜು ಹೆಚ್ಚು ನಂಬಿಕೆಗೆ ಯೋಗ್ಯ. ಎಡೆಯೂರು ಸಿದ್ಧಲಿಂಗೇಶ್ವರರ ಹೆಸರಿದ್ದರೆ ಕುಣಿಗಲ್ ಕಡೆ, ಚನ್ನಬಸವೇಶ್ವರರ ಹೆಸರಿದ್ದರೆ ಗುಬ್ಬಿ ಕಡೆ, ದಂಡಿನ ಮಾರಮ್ಮನಿದ್ದರೆ ಮಧುಗಿರಿ, ಗೊರವನಹಳ್ಳಿ ಲಕ್ಷ್ಮಿಯಿದ್ದರೆ ಕೊರಟಗೆರೆ ಎಂದು ಊಹಿಸಬಹುದು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಚಿತ್ರವಿದ್ದರೆ ಊಹೆ ನಡೆಯದು. ಅದು ಎಲ್ಲ ಕಡೆಯ ಗಾಡಿಯಲ್ಲೂ ಇರುತ್ತದೆ.

ಊರಿನ ಪೂರ್ವಗ್ರಹಕ್ಕಿಂತ ಹಳೆಯದು ಹೆಂಗಸರ ಮೇಲಿನ ಪೂರ್ವಗ್ರಹ. ಮುಂದಿನ ಕಾರು ನಿಧಾನವಾದರೆ ‘ಯಾರೋ ಹೆಂಗಸಿರಬೇಕು’ ಎನ್ನುವುದು, ಪಕ್ಕಕ್ಕೆ ಬಂದು ನೋಡಿದಾಗ ಮೀಸೆ ಕಂಡರೆ ಸುಮ್ಮನಾಗುವುದು. ಲೆಕ್ಕ ಬೇರೆಯೇ ಹೇಳುತ್ತದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಹೀಗೆ ಸಾಯುವವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಗಂಡಸರು. ಗಾಡಿ ಓಡಿಸುವವರಲ್ಲಿ ಗಂಡಸರೇ ಹೆಚ್ಚು ಎಂಬುದು ಇದಕ್ಕೊಂದು ಕಾರಣವೆನ್ನಿ. ಆದರೂ ಕಾಲು ಎರಡನ್ನೂ ಇಳಿಬಿಟ್ಟುಕೊಂಡು ಸ್ಕೂಟರು ನಡೆಸುವ ಹುಡುಗಿಯನ್ನು ನೋಡಿ ನಗುವವರು, ತಲೆಗೆ ಶಿರಸ್ತ್ರಾಣವಿಲ್ಲದೆ ಮೂವರನ್ನು ಹೇರಿಕೊಂಡು ಬಸ್ಸನ್ನು ಎಡದಿಂದ ಹಿಂದಿಕ್ಕುವ ಹುಡುಗನನ್ನು ‘ಚುರುಕು’ ಎನ್ನುವುದನ್ನು ಬಿಡಬೇಕು. ಕಾಲು ಇಳಿಬಿಟ್ಟವಳು ಮನೆ ಮುಟ್ಟುತ್ತಾಳೆ.

ಖಾಸಗಿ ಬಸ್ಸಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬಯಲುಸೀಮೆಯ ಈ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳು ಬಹಳ ಹಿಂದಿನಿಂದ ಜನರ ಕಾಲುಗಳಂತೆ ಇವೆ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ ಹುಟ್ಟಿ, ಮುಂದೆ 1961ರಲ್ಲಿ ನಿಗಮವಾದ ಮೇಲೂ ಒಳದಾರಿಗಳನ್ನು ಖಾಸಗಿಯವರೇ ಹೆಚ್ಚಾಗಿ ನೋಡಿಕೊಂಡರು. ಕಾರಿನವರ ದೂರು ಏನೆಂದರೆ, ಈ ಬಸ್ಸು ಊರೊಳಗೆ ಬಸವನಹುಳುವಿನಂತೆ ತೆವಳುತ್ತದೆ, ಊರು ದಾಟಿದ ಕೂಡಲೇ ಹುಚ್ಚು ಹಿಡಿದಂತೆ ಹಾರುತ್ತದೆ. ಡ್ರೈವರಿನ ತಲೆ ಕೆಟ್ಟಿದೆ ಎಂದು ಹೇಳಿಬಿಡುವುದು ಸುಲಭ. ಕೆಟ್ಟಿರುವುದು ಏರ್ಪಾಡು. ಪರ್ಮಿಟ್ಟಿನಲ್ಲಿ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಗಂಟೆಗೆ ಮುಟ್ಟಬೇಕು ಎಂಬ ‘ಟೈಮಿಂಗ್’ ಇರುತ್ತದೆ. ಒಂದು ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಕೆಲವೇ ನಿಮಿಷ. ರಸ್ತೆಯಲ್ಲಿ ನಿಂತ ಜನ ಮೊದಲು ಬಂದ ಬಸ್ಸನ್ನು ಹತ್ತುತ್ತಾರೆ. ಆದ್ದರಿಂದ ನಿಲ್ದಾಣದಿಂದ ಆದಷ್ಟು ತಡವಾಗಿ ಹೊರಡಬೇಕು, ಆದರೆ ಹಿಂದಿನ ಬಸ್ಸಿಗಿಂತ ಮುಂದಿರಬೇಕು. ಎರಡು ಅಡಿ ಮುಂದೆ, ಒಂದು ಅಡಿ ಹಿಂದೆ, ಎಂಜಿನ್ನು ಗುಡುಗಿಸುತ್ತ, ಇನ್ನೇನು ಹೊರಟಿತು ಎಂಬ ಭ್ರಮೆ ಹುಟ್ಟಿಸುತ್ತ ಕಳೆದ ಹತ್ತು ನಿಮಿಷವನ್ನು ಊರಾಚೆ ರಸ್ತೆಯಲ್ಲಿ ವಸೂಲು ಮಾಡಬೇಕು. ಕಲೆಕ್ಷನ್ನಿಗೆ ತಕ್ಕಂತೆ ಬತ್ತೆ ಇರುವ ಕಡೆ ಅವಸರ ಇನ್ನೂ ಜಾಸ್ತಿ. 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ, ಸರ್ಕಾರಿ ಬಸ್ಸು ಓಡುವ ದಾರಿಗಳಲ್ಲಿ ಖಾಸಗಿಯವರು ಉಳಿದ ಗಿರಾಕಿಗಾಗಿ ಇನ್ನಷ್ಟು ಪೈಪೋಟಿಗೆ ಬಿದ್ದರು.

ಇದನ್ನು ಹೇಳುವುದು ಅವರ ವೇಗವನ್ನು ಸಮರ್ಥಿಸುವುದಕ್ಕಲ್ಲ. 2022ರ ಮಾರ್ಚ್ 19ರ ಬೆಳಿಗ್ಗೆ ಪಾವಗಡ ತಾಲ್ಲೂಕಿನ ಪಳವಳ್ಳಿಯ ಹತ್ತಿರ ಜನ ತುಂಬಿದ್ದ ಖಾಸಗಿ ಬಸ್ಸು ಮಗುಚಿ, ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಸತ್ತರು. ಆ ಮಕ್ಕಳಿಗೆ ಕಾಲೇಜಿನ ಹೊತ್ತಿಗೆ ಬೇರೆ ಬಸ್ಸು ಸುಲಭವಾಗಿ ಸಿಗುವಂತಿದ್ದರೆ ಒಂದೇ ಬಸ್ಸಿಗೆ ಅಷ್ಟೊಂದು ಜನ ಜೋತುಬೀಳುತ್ತಿರಲಿಲ್ಲ. ಡ್ರೈವರನ್ನು ಬೈದು ಮುಗಿಸಿದ ಮೇಲೆ ಬಸ್ಸಿನ ವೇಳಾಪಟ್ಟಿಯನ್ನೂ ತೆಗೆದು ನೋಡಬೇಕಾಗುತ್ತದೆ.

ಹಾರನ್ನಿನ ಕಥೆ ಇಷ್ಟು ದುಃಖದ್ದಲ್ಲ. ಲಾರಿಯ ಹಿಂದೆ ‘ಸೌಂಡ್ ಹಾರನ್’ ಎಂದು ಬರೆಸಿಕೊಂಡು, ಹೊಡೆದ ಮೇಲೆ ಸಿಟ್ಟಾಗುವ ದೇಶ ನಮ್ಮದು ಎಂದು ತಮಾಷೆ ಮಾಡುತ್ತೇವೆ. ಡಾಂಬರು ಒಂದೇ ಗಾಡಿಯ ಅಗಲಕ್ಕಿದ್ದ ಕಾಲದಲ್ಲಿ ಆ ಬರಹಕ್ಕೆ ಅರ್ಥವಿತ್ತು. ಮುಂದಿನ ಲಾರಿ ಎಡಗಾಲಿಗಳನ್ನು ಮಣ್ಣಿಗಿಳಿಸಿದರೆ ಮಾತ್ರ ಹಿಂದಿನವನಿಗೆ ದಾರಿ. ಎಷ್ಟೋ ಲಾರಿಗಳಿಗೆ ಪಕ್ಕದ ಕನ್ನಡಿ ಇರಲಿಲ್ಲ. ಇದ್ದರೂ ಎಂಜಿನ್ನಿನ ಸದ್ದಿನಲ್ಲಿ ಹಿಂದೆ ಯಾರಿದ್ದಾರೆಂದು ತಿಳಿಯುತ್ತಿರಲಿಲ್ಲ. ಹಾರನ್ನು ಅಲ್ಲಿ ಬೈಗುಳವಲ್ಲ, ‘ಅಣ್ಣಾ, ಸ್ವಲ್ಪ ದಾರಿ ಬಿಡು’ ಎಂಬ ವಿನಂತಿ. ರಸ್ತೆ ನಾಲ್ಕು ಪಥವಾಯಿತು, ಕನ್ನಡಿಗಳು ಬಂದವು, ವಿನಂತಿ ಮಾತ್ರ ನಿಲ್ಲಲಿಲ್ಲ. ಈಗ ಕೆಂಪು ದೀಪ ಇರುವಾಗಲೇ ಹಿಂದಿನಿಂದ ವಿನಂತಿ ಶುರುವಾಗುತ್ತದೆ. ಯಾರಿಗೆ ವಿನಂತಿ, ದೀಪಕ್ಕೋ?

ಇದಕ್ಕಿಂತ ಸೂಕ್ಷ್ಮವಾದ ತೊಡಕು ಬಲಗಡೆಯ ಇಂಡಿಕೇಟರಿನದು. ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ರಸ್ತೆಯಲ್ಲಿ ಮುಂದಿನ ಲಾರಿ ಬಲದೀಪ ಮಿಣುಕಿಸಿತೆನ್ನಿ. ಅದರ ಅರ್ಥವೇನು? ‘ನಾನು ಬಲಕ್ಕೆ ತಿರುಗುತ್ತೇನೆ, ಬರಬೇಡ’ ಎಂದೂ ಆಗಬಹುದು, ‘ಮುಂದೆ ಖಾಲಿ ಇದೆ, ಹಿಂದಿಕ್ಕಿ ಹೋಗು’ ಎಂದೂ ಆಗಬಹುದು. ಒಂದೇ ಸಂಜ್ಞೆಗೆ ಎರಡು ವಿರುದ್ಧ ಅರ್ಥ. ತಪ್ಪಾಗಿ ಓದಿದವನು ನೇರ ಲಾರಿಯ ಹೊಟ್ಟೆಗೆ. ಇದು ಹೇಗೆ ಬಂತೆಂಬುದಕ್ಕೆ ಹಳೆಯ ನಿಯಮದಲ್ಲಿ ಸುಳಿವಿದೆ. ಹಿಂದಿನವನು ಮುಂದೆ ಹೋಗಲಿ ಎಂದು ಸೂಚಿಸಲು, ಬಲಗೈಯನ್ನು ಹೊರಗೆ ಚಾಚಿ ಹಿಂದಕ್ಕೂ ಮುಂದಕ್ಕೂ ಅರ್ಧವೃತ್ತದಲ್ಲಿ ಬೀಸಬೇಕೆಂದು 1989ರ ರಸ್ತೆ ನಿಯಮಾವಳಿ ಹೇಳುತ್ತಿತ್ತು. ಬಲಕ್ಕೆ ತಿರುಗಲು ಅದೇ ಬಲಗೈಯನ್ನು ಚಾಚಿ ಅಲ್ಲಾಡಿಸದೆ ಹಿಡಿಯಬೇಕು. ಕೈಯ ಭಾಷೆಯಲ್ಲಿ ಎರಡಕ್ಕೂ ವ್ಯತ್ಯಾಸ ಸ್ಪಷ್ಟ. ಕೈ ಹೋಗಿ ದೀಪ ಬಂದಾಗ ಎರಡೂ ಮಾತನ್ನು ಒಂದೇ ಮಿಣುಕಿಗೆ ಹೊರಿಸಿದರು. ಬೀಸುವುದಕ್ಕೂ ಹಿಡಿಯುವುದಕ್ಕೂ ಇದ್ದ ಭೇದವನ್ನು ಬಲ್ಬು ಹೇಳಲಾರದು. 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದವು. ಲಾರಿಯವರ ಅಭ್ಯಾಸ ಇನ್ನೂ ಅದೇ.

ಹೆಡ್‌ಲೈಟನ್ನು ‘ಡಿಮ್–ಡಿಪ್’ ಹೊಡೆಯುವುದೂ ಹೀಗೆಯೇ. ಬ್ರಿಟನ್ನಿನಲ್ಲಿ ಎದುರಿನವನು ದೀಪ ಮಿಂಚಿಸಿದರೆ ‘ನೀವು ಮೊದಲು ಹೋಗಿ’ ಎಂದು ಅಲ್ಲಿನ ಜನ ಸಾಮಾನ್ಯವಾಗಿ ತಿಳಿಯುತ್ತಾರೆ. ನಮ್ಮಲ್ಲಿ ಅದರರ್ಥ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’. ಅಲ್ಲಿ ಹತ್ತು ವರ್ಷ ಕಾರು ಓಡಿಸಿದವನು ಇಲ್ಲಿ ರಜೆಗೆ ಬಂದು ಗುಬ್ಬಿ ಗೇಟಿನಲ್ಲಿ ಆ ಮಿಂಚನ್ನು ನಂಬಿ ಮುಂದೆ ಹೋದರೆ ಅವನನ್ನು ದೇವರೇ ಕಾಯಬೇಕು.

ರಾತ್ರಿ ಕಣ್ಣು ಕುಕ್ಕುವ ಬೆಳಕಿನ ದೂರಿಗೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಒಂದು ಕಾಲದಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಸಿಕೊಂಡ ಲಾರಿಗಳನ್ನು ಕಂಡವರಿಗೆ ಇಂದಿನ ಬಿಳಿಬೆಳಕು ಹಗಲು ದರೋಡೆಯಂತೆ ಕಾಣುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗೂ ಹೆಚ್ಚು ಹೋಗುತ್ತದೆ. ಎದುರು ಬೆಳಕಿಗೆ ಕಣ್ಣು ಕುರುಡಾಗಿ ಮತ್ತೆ ಹೊಂದಿಕೊಳ್ಳಲು ಮೂರು ಸೆಕೆಂಡು ಹಿಡಿದರೆ ಐವತ್ತು ಮೀಟರು ಕಣ್ಣುಮುಚ್ಚಿ ಓಡಿಸಿದಂತೆ. ಬೆಂಗಳೂರು–ತುಮಕೂರು ಹೆದ್ದಾರಿಯ ನಡುಪಟ್ಟಿಯಲ್ಲಿ ಗಿಡಗಳನ್ನು ಬೆಳೆಸಿರುವುದು ಚೆಂದಕ್ಕೆಂದು ತಿಳಿದವರುಂಟು. ಎದುರು ಗಾಡಿಯ ಬೆಳಕು ತಡೆಯುವುದು ಆ ಗಿಡಗಳ ಮುಖ್ಯ ಕೆಲಸ. ನಡುಪಟ್ಟಿಯಿಲ್ಲದ ಕುಣಿಗಲ್ ರಸ್ತೆಯಲ್ಲಿ ಗಿಡದ ಕೆಲಸವನ್ನು ಎಡಗೈ ಬೆರಳು ಮಾಡಬೇಕು. ಒಂದು ಗುಂಡಿ ಒತ್ತುವ ಶ್ರಮ. ಅದನ್ನೂ ಮಾಡದವನ ಪರವಾಗಿ ನಾನಂತೂ ವಾದಿಸಲಾರೆ.

ಹಂಪುಗಳಿಗೆ ಬರೋಣ. ಭಾರತೀಯ ರಸ್ತೆ ಕಾಂಗ್ರೆಸ್ಸು ಇದಕ್ಕೆ ಅಳತೆ ಗೊತ್ತು ಮಾಡಿದೆ: ಎತ್ತರ 10 ಸೆಂ.ಮೀ., ಅಗಲ 3.7 ಮೀಟರು, 17 ಮೀಟರು ತ್ರಿಜ್ಯದ ವೃತ್ತದ ಒಂದು ತುಣುಕಿನಂತೆ ನಯವಾಗಿ ಬಾಗಿದ ಬೆನ್ನು. ಇಂಥ ಉಬ್ಬನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೊಂಟಕ್ಕೆ ನೋವಿಲ್ಲದೆ ದಾಟಬಹುದು. ನಮ್ಮ ಹಳ್ಳಿಗಳ ಹಂಪಿಗೆ ಎತ್ತರ ಇದಕ್ಕಿಂತ ಜಾಸ್ತಿ, ಅಗಲ ಒಂದು ಮೊಳ. ಅದು ವೇಗ ತಗ್ಗಿಸುವುದಿಲ್ಲ, ಕಾರಿನ ಹೊಟ್ಟೆ ಕೆರೆಯುತ್ತದೆ. ಆದರೆ ಅದು ಹುಟ್ಟುವ ಬಗೆಯನ್ನು ಗಮನಿಸಿ. ರಸ್ತೆ ಹೊಸದಾಗಿ ಡಾಂಬರು ಕಂಡ ಮೇಲೆ ಗಾಡಿಗಳ ವೇಗ ಏರುತ್ತದೆ. ಒಂದು ದಿನ ಶಾಲೆ ಬಿಟ್ಟ ಹೊತ್ತಿನಲ್ಲಿ ಮಗುವೊಂದಕ್ಕೆ ಗಾಡಿ ತಗಲುತ್ತದೆ. ಜನ ರಸ್ತೆಗೆ ಕಲ್ಲು ಅಡ್ಡ ಹಾಕಿ ಕೂರುತ್ತಾರೆ. ಸಂಜೆಯೊಳಗೆ ಅಲ್ಲೊಂದು ಹಂಪು ಏಳುತ್ತದೆ. ತ್ರಿಜ್ಯ ಅಳೆಯುವ ವ್ಯವಧಾನ ಆಗ ಯಾರಿಗೂ ಇರುವುದಿಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹಂಪು ಇರಕೂಡದೆಂದು ಕೇಂದ್ರ ಸರ್ಕಾರ 2016ರಲ್ಲಿ ಸೂಚಿಸಿತು. ಹಂಪು ತೆಗೆಯುವುದು ಸುಲಭ. ಶಾಲೆಯನ್ನು ರಸ್ತೆಯ ಆಚೆಗೂ ಮನೆಗಳನ್ನು ಈಚೆಗೂ ಇಟ್ಟ ಭೂಗೋಳವನ್ನು ತೆಗೆಯುವುದು ಸುಲಭವಲ್ಲ. ಬಣ್ಣವಾದರೂ ಬಳಿಯಿರಪ್ಪಾ ಎಂದು ಕೇಳಿಕೊಳ್ಳುವುದಷ್ಟೇ ಕಾರಿನವನಿಗೆ ಉಳಿದ ದಾರಿ.

ಈ ಎಲ್ಲ ದೂರುಗಳಿಗೂ ಮೇಲಾದ ದೂರೊಂದು ನಮ್ಮ ಸೀಮೆಗೆ ವರ್ಷಕ್ಕೊಮ್ಮೆ ಬರುತ್ತದೆ. ಕಾರ್ತಿಕ ಕಳೆದು ಕೊಯ್ಲು ಮುಗಿದ ಮೇಲೆ, ಸಂಕ್ರಾಂತಿಯ ಆಚೀಚೆ, ಗುಬ್ಬಿ ಕುಣಿಗಲ್ ತಾಲ್ಲೂಕುಗಳ ಒಳರಸ್ತೆಗಳ ಮೇಲೆ ರಾಗಿ ಹುಲ್ಲು, ಹುರುಳಿ, ಅವರೆ, ತೊಗರಿ ಹಾಸಿಕೊಳ್ಳುತ್ತವೆ. ಡಾಂಬರು ಕಾಣುವುದೇ ಇಲ್ಲ. ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂಬುದು ಲೆಕ್ಕ. ಕಾರಿನವರು ಕೆಂಡವಾಗುತ್ತಾರೆ. ‘ರಸ್ತೆ ಇವರಪ್ಪನದೇನು?’

ರಸ್ತೆ ಯಾರಪ್ಪನದು ಎಂಬುದನ್ನು ಆಮೇಲೆ ನೋಡೋಣ. ಕಣ ಎಲ್ಲಿ ಹೋಯಿತು ಎಂಬುದನ್ನು ಮೊದಲು ಕೇಳಬೇಕು. ಹಿಂದೆ ಪ್ರತಿ ಊರಿನ ಅಂಚಿನಲ್ಲಿ ಕಣಗಳಿದ್ದವು. ನೆಲ ಕೆತ್ತಿ, ನೀರು ಹಾಕಿ ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸುತ್ತಿಸುತ್ತಿದ್ದರು. ರಾಗಿಯ ಮೇಲೆ ಗುಂಡುಕಲ್ಲು ಉರುಳುತ್ತಿತ್ತು. ರಾಶಿಪೂಜೆಯಾಗದೆ ಕಾಳು ಮನೆಗೆ ಬರುತ್ತಿರಲಿಲ್ಲ. ಇದಕ್ಕೆಲ್ಲ ಒಂದು ಜೊತೆ ಎತ್ತು ಬೇಕು, ಐದಾರು ಆಳು ಬೇಕು, ವಾರದ ಬಿಡುವು ಬೇಕು. ಟ್ರ್ಯಾಕ್ಟರು ಬಂದು ಎತ್ತು ಹೋದವು. ಮಕ್ಕಳು ಪೀಣ್ಯದ ಕಾರ್ಖಾನೆಗಳಿಗೆ ಹೋದರು. ಊರಂಚಿನ ಕಣ ಪಾಲಾಗಿ ಮನೆಯ ನಿವೇಶನವಾಯಿತು. ಅದೇ ಹೊತ್ತಿಗೆ ಊರ ಮುಂದೆ ಡಾಂಬರು ಬಂತು. ಗಟ್ಟಿಯಾದ, ಮಣ್ಣಿಲ್ಲದ, ಬಿಸಿಲು ಬೀಳುವ ನೆಲ. ಅದರ ಮೇಲೆ ದಿನವಿಡೀ ತಾನಾಗಿ ಬಂದು ತುಳಿದು ಹೋಗುವ ಗಾಡಿ. ಅಜ್ಜ ಹುಡುಕಿದರೂ ಇಂಥ ಕಣ ಸಿಗುತ್ತಿರಲಿಲ್ಲ.

ಕುಣಿಗಲ್ಲಿನಲ್ಲಿ ಈ ದೃಶ್ಯಕ್ಕೆ ಒಂದು ವಿಚಿತ್ರ ಮೆರುಗಿದೆ. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ಅದು. ಕುದುರೆಗೂ ಹುರುಳಿಗೂ ಇರುವ ನಂಟು ಇಂಗ್ಲಿಷಿನವರಿಗೂ ಗೊತ್ತು. ಅವರು ಹುರುಳಿಯನ್ನು ಕುದುರೆಯ ಕಾಳೆಂದೇ ಕರೆದರು. ಎಂಜಿನ್ನಿನ ಬಲವನ್ನೂ ಕುದುರೆಗಳಲ್ಲೇ ಎಣಿಸುತ್ತಾರೆ. ಜೇಮ್ಸ್ ವಾಟ್ ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆಂದು ಗಿರಾಕಿಗಳಿಗೆ ತಿಳಿಸಲು ಹಾಕಿದ ಲೆಕ್ಕ ಅದು. ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವಾಟ್. 1983ರಲ್ಲಿ ರಸ್ತೆಗಿಳಿದ ಮಾರುತಿ 800ಕ್ಕೆ ನಲವತ್ತು ಕುದುರೆಗಳೂ ಇರಲಿಲ್ಲ. ಈಗಿನ ಮಧ್ಯಮವರ್ಗದ ಕಾರಿನೊಳಗೆ ಎಂಬತ್ತು ಕುದುರೆಗಳಿರುತ್ತವೆ. ಕುದುರೆ ತಿನ್ನಬೇಕಾದ ಹುರುಳಿಯ ಮೇಲೆ ಎಂಬತ್ತು ಕುದುರೆ ಓಡಿಸಿ ಕಾಳು ಬಿಡಿಸಿಕೊಳ್ಳುವ ರೈತನನ್ನು ದಡ್ಡನೆನ್ನಲು ಬಾಯಿ ಬರುವುದಿಲ್ಲ. ಒಂದು ಕೊರತೆಯುಂಟು. ಕಣದ ಎತ್ತಿಗೆ ಕಾಳಿಗೆ ಬಾಯಿ ಹಾಕದಂತೆ ಕುಕ್ಕೆ ಕಟ್ಟುತ್ತಿದ್ದರು. ಕಾರಿನವನಿಗೆ ಕುಕ್ಕೆ ಇಲ್ಲ, ಅದಕ್ಕೇ ಇಷ್ಟು ಮಾತು.

ತಮಾಷೆ ಇಲ್ಲಿಗೆ ಸಾಕು. ಹುರುಳಿ ಬಳ್ಳಿ ನುಲಿದುಕೊಳ್ಳುವ ಜಾತಿ. ಒಣಗಿದ ಬಳ್ಳಿ ಕಾರಿನ ಅಡಿಯ ತಿರುಗುವ ಭಾಗಗಳಿಗೆ ಸುತ್ತಿಕೊಂಡು ಹಗ್ಗದಂತೆ ಬಿಗಿಯುತ್ತದೆ. ಪಕ್ಕದಲ್ಲೇ ಹೊಗೆ ಕೊಳವೆ; ಹೊಗೆ ಶುದ್ಧಿಮಾಡಲು ಅದರಲ್ಲಿ ಅಳವಡಿಸಿದ ಭಾಗ ಕೆಲವು ನೂರು ಡಿಗ್ರಿ ಬಿಸಿಯಾಗಿರುತ್ತದೆ. ಹೀಗೆ ಬೆಂಕಿ ಹತ್ತಿ ಕಾರುಗಳು ಸುಟ್ಟುಹೋದ ಸುದ್ದಿ ರಾಜ್ಯದ ಹಲವು ಕಡೆಗಳಿಂದ ಬಂದಿದೆ. ಅದಕ್ಕಿಂತ ಕೆಟ್ಟ ಪಾಡು ಬೈಕಿನವರದು. ಸತ್ತವರ ಲೆಕ್ಕದಲ್ಲಿ ದ್ವಿಚಕ್ರದವರ ಪಾಲು 2022ರಲ್ಲಿ ನೂರಕ್ಕೆ 44ಕ್ಕೂ ಮೇಲೆ. ಉದುರಿದ ರಾಗಿಯೆಂದರೆ ಡಾಂಬರಿನ ಮೇಲೆ ಚೆಲ್ಲಿದ ಸಣ್ಣ ಸಣ್ಣ ಗುಂಡುಗಳು. ಅದರ ಮೇಲೆ ಬ್ರೇಕು ಹಾಕಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಅಪಾಯ ರಾತ್ರಿಯದು. ಸಂಜೆ ರಾಶಿಯನ್ನು ಒಂದು ಪಕ್ಕಕ್ಕೆ ಒಟ್ಟಿ, ಗಾಡಿಗಳು ಹತ್ತದಿರಲೆಂದು ಸುತ್ತ ದಪ್ಪ ಕಲ್ಲುಗಳನ್ನು ಇಟ್ಟು, ಮೇಲೆ ಟಾರ್ಪಾಲು ಹೊದಿಸಿ ಮನೆಗೆ ಹೋಗುತ್ತಾರೆ. ಕಪ್ಪು ರಸ್ತೆಯ ಮೇಲೆ ಕಪ್ಪು ಕಲ್ಲು. ಎದುರಿನಿಂದ ಲೈಟು ಇಳಿಸದ ಲಾರಿ. ನಡುವೆ ಎರಡನೇ ಪಾಳಿ ಮುಗಿಸಿ ಮನೆಗೆ ಹೊರಟ ಹುಡುಗ. ಬಿಡಿಬಿಡಿಯಾಗಿ ನಾವು ಗೊಣಗಿಕೊಳ್ಳುವ ಸಣ್ಣ ತಪ್ಪುಗಳು ಹೀಗೆ ಒಂದೇ ಜಾಗದಲ್ಲಿ ಸೇರಿದಾಗ ಅದು ಗೊಣಗಾಟದ ವಿಷಯವಾಗಿ ಉಳಿಯುವುದಿಲ್ಲ. ಅನೇಕ ವೇಳೆ ಆ ಹುಡುಗ ಅದೇ ಊರಿನವನು.

ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವುದು ಹಳೆಯ ದಂಡಸಂಹಿತೆಯಲ್ಲೂ ಅಪರಾಧವಾಗಿತ್ತು; 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಅದಕ್ಕೆ ಐದು ಸಾವಿರ ರೂಪಾಯಿವರೆಗೆ ದಂಡವಿದೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಪೊಲೀಸರೂ ಅಧಿಕಾರಿಗಳೂ ಸುಗ್ಗಿಯಲ್ಲಿ ಹೇಳುತ್ತಲೇ ಇರುತ್ತಾರೆ. ಉದ್ಯೋಗ ಖಾತರಿ ಯೋಜನೆಯ ಹಣದಲ್ಲಿ ಪಂಚಾಯತಿಗಳು ಸಿಮೆಂಟಿನ ಒಕ್ಕಣೆ ಕಣಗಳನ್ನು ಕಟ್ಟಿಸಿಕೊಟ್ಟಿದ್ದೂ ಉಂಟು. ಆದರೂ ಹುರುಳಿ ರಸ್ತೆ ಬಿಟ್ಟಿಲ್ಲ. ಕಾರಣ ಸರಳ: ಸಿಮೆಂಟಿನ ಕಣ ನೆಲವನ್ನು ಕೊಡುತ್ತದೆ, ಎತ್ತನ್ನು ಕೊಡುವುದಿಲ್ಲ. ರಸ್ತೆ ಎರಡನ್ನೂ ಬಿಟ್ಟಿಯಾಗಿ ಕೊಡುತ್ತದೆ. ಅರ್ಧ ಎಕರೆ ಹುರುಳಿ ಬೆಳೆದವನಿಗೆ ಒಕ್ಕಣೆ ಯಂತ್ರದ ಬಾಡಿಗೆಯೇ ಕಾಳಿನ ಬೆಲೆಯ ಹತ್ತಿರಕ್ಕೆ ಬಂದರೆ ಅವನು ನಮ್ಮ ಚಕ್ರಗಳಿಗೇ ಕಾಯುತ್ತಾನೆ. ಕಣದ ಜೊತೆಗೆ ಸುಗ್ಗಿಯ ಎರಡು ತಿಂಗಳ ಮಟ್ಟಿಗಾದರೂ ಅಗ್ಗದ ಬಾಡಿಗೆಗೆ ಯಂತ್ರವನ್ನು ಆ ಕಣದ ಬಳಿಗೇ ತರುವ ಏರ್ಪಾಡಾದರೆ ದಂಡದ ಮಾತು ಆಡುವುದಕ್ಕೆ ಮುಖವಿರುತ್ತದೆ.

ಅಲ್ಲಿಯವರೆಗೆ ಕಾರಿನವರು ಸುಗ್ಗಿಯ ಕಾಲದಲ್ಲಿ ತಮ್ಮ ಕೈಲಾದದ್ದನ್ನು ಮಾಡಿಕೊಳ್ಳಬೇಕು. ಹಾಸು ಕಂಡ ಕೂಡಲೇ ವೇಗ ತಗ್ಗಿಸಿ, ಅದರ ಮೇಲೆ ಹೋಗುವಾಗ ಬ್ರೇಕನ್ನೂ ಸ್ಟಿಯರಿಂಗನ್ನೂ ಥಟ್ಟನೆ ಮುಟ್ಟದೆ ದಾಟಬೇಕು. ಹುರುಳಿಯಾದರೆ ದಾಟಿದ ಮೇಲೆ ಒಂದು ಫರ್ಲಾಂಗಿನೊಳಗೆ, ಒಣಹುಲ್ಲಿಲ್ಲದ ಬರಿನೆಲ ನೋಡಿ ಗಾಡಿ ನಿಲ್ಲಿಸಿ, ಇಳಿದು ಬಗ್ಗಿ ಅಡಿಭಾಗ ನೋಡಬೇಕು. ಬಳ್ಳಿ ಸುತ್ತಿಕೊಂಡಿದ್ದರೆ ಎಂಜಿನ್ನು ಆರಿಸಿ, ಕೊಳವೆ ತಣ್ಣಗಾಗುವವರೆಗೆ ಕಾದು, ಆಮೇಲೆ ಕೋಲಿನಿಂದಲೋ ಕುಡುಗೋಲಿನಿಂದಲೋ ಬಿಡಿಸಬೇಕು. ಕುಡುಗೋಲು ಬೇಕಾದರೆ ಅದೇ ರಸ್ತೆಯ ಬದಿಯಲ್ಲಿ ಕುಳಿತವರ ಹತ್ತಿರ ಕೇಳಿದರೆ ಕೊಡುತ್ತಾರೆ.